ಜಗಲಿಯ ಮೇಲಿನ ಅಕ್ಕಿ

ನಮ್ಮೂರಿನಲ್ಲಿ ಊಟವಾಯಿತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಅದು ಬೈಗುಳದ ಲೆಕ್ಕ. ಆಗಿದೆಯೋ ಇಲ್ಲವೋ ಬಾಗಿಲು ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಾಗದವರ ಹಾಗೆ ನಡೆದುಹೋಗುವುದು ಇಲ್ಲಿಯ ಮರ್ಯಾದೆ. ಮನೆಯಲ್ಲಿ ಒಬ್ಬರ ಹೊಟ್ಟೆ ಖಾಲಿಯಿದ್ದರೂ ಆ ಮನೆಯ ಬೀದಿಬಾಗಿಲು ಹಾಕಿಕೊಳ್ಳುವುದಿಲ್ಲ. ಎಷ್ಟು ಸಲ ತಳ್ಳಿದರೂ ಅಷ್ಟು ಸಲ ಒಳಕ್ಕೆ ಬಂದು ಗೋಡೆಗೆ ಒರಗಿ ನಿಂತುಬಿಡುತ್ತದೆ. ಚಿಲಕ, ಅಗುಳಿ, ಬೀಗ ಯಾವುದರ ಆಟವೂ ನಡೆಯುವುದಿಲ್ಲ. ಏಕಾದಶಿಗೋ ರಂಜಾನಿಗೋ ಉಪವಾಸ ಇದ್ದವರ ತಂಟೆಗೆ ಮಾತ್ರ ಅದು ಹೋಗುವುದಿಲ್ಲ; ಬೇಕೆಂದು ಹಸಿದವರು ಯಾರು, ಗತಿಯಿಲ್ಲದೆ ಹಸಿದವರು ಯಾರು ಎಂದು ಬಾಗಿಲಿಗೆ ಗೊತ್ತು. ಹೇಗೆ ಗೊತ್ತು ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ನಿನ್ನ ಮೂಗು ಮುಖದ ಮಧ್ಯಕ್ಕೇ ಯಾಕೆ ಬಂತು ಹೇಳು, ಆಮೇಲೆ ಇದನ್ನ ಹೇಳ್ತೀನಿ" ಎಂದಿದ್ದಳು.

ಹಾಗಾಗಿ ನಮ್ಮ ಮಕ್ಕಳು ನಡೆಯಲು ಕಲಿತ ಮೇಲೆ ಮೊದಲು ಕಲಿಯುವುದು ತಮ್ಮ ಕಾಲ್ಬೆರಳು ನೋಡಿಕೊಂಡು ಬೀದಿ ದಾಟುವುದನ್ನು. ಉಳ್ಳವರು ಬೇಸಗೆಯ ಧಗೆಯಲ್ಲೂ ಬಾಗಿಲು ತೆರೆಯದೆ ಒಳಗೇ ಬೇಯುತ್ತಾರೆ, ನೋಡಿದವರು ಏನಂದುಕೊಂಡಾರು ಎಂದು. ಇಲ್ಲದವರು ಬಾಗಿಲ ಹಿಂದೆ ಒರಳುಕಲ್ಲೋ ನೀರು ತುಂಬಿದ ಹಂಡೆಯೋ ಇಟ್ಟು ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಅದನ್ನೂ ದೂಡಿಕೊಂಡು ಬಂದಿರುತ್ತದೆ. ಹೆಣ್ಣು ನೋಡಲು ಬರುವವರು ಹೇಳಿದ ದಿನಕ್ಕಿಂತ ಮೂರು ದಿನ ಮೊದಲೇ ಒಬ್ಬ ಸೋದರಮಾವನನ್ನು ಆ ಬೀದಿಯಲ್ಲಿ ಸುಮ್ಮನೆ ಅಡ್ಡಾಡಿಸುತ್ತಾರೆ. ಇಷ್ಟು ಬಿಟ್ಟರೆ ನಮ್ಮದೂ ಎಲ್ಲ ಊರಿನಂಥದೇ ಊರು.

ನನ್ನ ಹೆಸರು ಭಾಮಾ. ಹನ್ನೊಂದು ವರ್ಷ ಇಲ್ಲಿಯ ಮಕ್ಕಳ ಕೇಂದ್ರದಲ್ಲಿ ಟೀಚರಾಗಿದ್ದೆ. ಕೇಂದ್ರವನ್ನು ನಡೆಸುತ್ತಿದ್ದದ್ದು ಸಮುದ್ರದಾಚೆಯ ಒಂದು ಚಳಿದೇಶದ ಸಂಸ್ಥೆ. ಅಲ್ಲಿಯವರು ಕೇಕು ಮಾರಿ, ಸ್ವೆಟರ್ ಹೆಣೆದು, ಓಟದ ಪಂದ್ಯ ಇಟ್ಟು ದುಡ್ಡು ಕೂಡಿಸಿ ನಮಗೆ ಕಳಿಸುತ್ತಿದ್ದರು. ಅದರಲ್ಲಿ ಮಕ್ಕಳಿಗೆ ಸಂಜೆ ಹಾಲು, ಬಾಳೆಹಣ್ಣು, ನೋಟ್‌ಬುಕ್ಕು, ವಾರಕ್ಕೆ ನಾಲ್ಕು ದಿನ ನನ್ನ ಇಂಗ್ಲಿಷ್ ಪಾಠ. ಅವರು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಿಕೊಂಡು ನೀವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ.

ಆ ವರ್ಷ ರೋಗ ಬಂತು. ಎಲ್ಲ ಕಡೆ ಬಂದ ಹಾಗೆಯೇ ಬಂತು. ಎಲ್ಲರೂ ಮನೆಯೊಳಗಿರಬೇಕು, ಬಾಗಿಲು ಹಾಕಿಕೊಂಡಿರಬೇಕು ಎಂದು ಜೀಪಿಗೆ ಮೈಕು ಕಟ್ಟಿ ಕೂಗಿಸಿದರು. ಮೊದಲ ವಾರ ಹಾಕಿಕೊಂಡರು. ಕೆಲಸವಿಲ್ಲ, ಕೂಲಿಯಿಲ್ಲ, ಎರಡನೆಯ ವಾರ ಕೆಳಗಿನ ಬೀದಿಯಲ್ಲಿ ಒಂದೊಂದಾಗಿ ಬಾಗಿಲು ತೆರೆದುಕೊಳ್ಳತೊಡಗಿದವು, ಮೂರನೆಯ ವಾರ ನಮ್ಮ ಬೀದಿಯಲ್ಲೂ. ಜೀಪಿನವರು ಬಂದು "ಬಾಗಿಲು ಹಾಕ್ರೀ" ಎಂದು ಗದರುತ್ತಿದ್ದರು. ಅವರು ಹೊರಗಿನವರು, ಪಾಪ. ಮನೆಯವರು "ಹಾಕ್ತೀವಿ ಸಾರ್" ಎಂದು ತಲೆ ತಗ್ಗಿಸಿ, ಹಳೆಯ ಸೀರೆಗಳನ್ನು ಬೇವಿನೆಲೆಯ ನೀರಿನಲ್ಲಿ ಅದ್ದಿ ಬಾಗಿಲಿಗೆ ಇಳಿಬಿಟ್ಟರು. ಸೀರೆ ಇಳಿಬಿಟ್ಟ ಮನೆ ಎಂದರೆ ಏನು ಎಂದು ಊರಿಗೆಲ್ಲ ಗೊತ್ತು. ಕಾಲ್ಬೆರಳು ನೋಡಿಕೊಂಡು ನಡೆಯುವವರಿಗೂ ಗೊತ್ತು.

ಚಳಿದೇಶದವರು ನಮ್ಮನ್ನು ಮರೆಯಲಿಲ್ಲ. ಅಲ್ಲಿ ಜನ ನಮಗಿಂತ ಹೆಚ್ಚು ಸಾಯುತ್ತಿದ್ದರಂತೆ. ಆದರೂ ಮನೆಯ ಮೆಟ್ಟಿಲ ಮೇಲೆ ಕೇಕು ಇಟ್ಟು ಮಾರಿ ದುಡ್ಡು ಕೂಡಿಸಿ, ಕೇಂದ್ರದ ಮಕ್ಕಳ ಮನೆಗಳಲ್ಲಿ ನಲವತ್ತಕ್ಕೆ ಆಗುವಷ್ಟು ದಿನಸಿಯ ಚೀಲ ಕೊಡಿಸಿದರು. ಹತ್ತು ಕಿಲೋ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ಸೋಪು. ನಾನು ಆಟೋದಲ್ಲಿ ಹೇರಿಕೊಂಡು ಹೋಗಿ ಬೆಳಿಗ್ಗೆ ಎಂಟಕ್ಕೆ ಹಂಚಿದೆ, ಮಧ್ಯಾಹ್ನ ಹೋಗಿ ಫೋಟೋ ತೆಗೆದೆ. ಎಲ್ಲ ಮನೆಯ ಬಾಗಿಲೂ ಹಾಕಿಕೊಂಡಿತ್ತು. ಮನೆಯವರು ಹೊರಗೆ ಬಂದು, ಹಾಕಿಕೊಂಡ ಬಾಗಿಲಿನ ಮುಂದೆ ಮದುವೆಗೆ ನಿಂತವರ ಹಾಗೆ ನಿಂತರು. ನನಗೂ ಕಣ್ಣು ತುಂಬಿ ಬಂತು. ನಲವತ್ತು ಫೋಟೋ ಕಳಿಸಿದೆ.

ಎರಡು ದಿನ ಬಿಟ್ಟು ದೊಡ್ಡ ಊರಿನ ಕಚೇರಿಯಿಂದ ಫಿಲೋಮಿನಾ ಮೇಡಂ ಫೋನು ಮಾಡಿದರು. ಆ ದೇಶಕ್ಕೂ ನಮಗೂ ನಡುವೆ ಇದ್ದವರು ಅವರೇ.

"ಭಾಮಾ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಕೇಳ್ತಿದಾರೆ, ಎಲ್ಲ ಬಾಗಿಲೂ ಮುಚ್ಚಿದೆಯಲ್ಲ, ಇವರು ನಿಜವಾಗ್ಲೂ ಹಸಿದವರಾ ಅಂತ."

"ಊಟ ಆದ್ಮೇಲೆ ಮುಚ್ಚಿದ್ದು ಮೇಡಂ. ಅದಕ್ಕೇ ತಾನೆ ಕೊಟ್ಟಿದ್ದು?"

"ನನಗೆ ಗೊತ್ತು ಕಣ್ರೀ. ಆದ್ರೆ ನಮ್ಮ ವಾರ್ಷಿಕ ಪುಸ್ತಕದಲ್ಲಿ ನಿಮ್ಮೂರಿನ ಬಾಗಿಲಿನ ವಿಷಯ ನಾವೇ ಬರೆದಿದ್ದೀವಲ್ಲ. ಅದನ್ನ ಓದಿರ್ತಾರೆ. ಮುಂದಿನ ಸಲ ಕೊಡೋಕೆ ಮುಂಚೆ ಒಂದು ಮನೆ ತೋರಿಸಿ. ವಿಡಿಯೋದಲ್ಲೇ, ಎಲ್ಲರ ಎದುರಿಗೆ. ಅವರು ಒಪ್ಪಿದ್ರೆ ನಲವತ್ತರ ಬದಲು ನೂರಿಪ್ಪತ್ತು ಮನೆಗೆ, ಎಂಟು ತಿಂಗಳು."

ನೂರಿಪ್ಪತ್ತು. ಕೇಂದ್ರದ ಎಲ್ಲ ಮಕ್ಕಳ ಮನೆಗೂ ಆಗುತ್ತಿತ್ತು. ಪಟ್ಟಿಯಲ್ಲಿ ಸೇರಿಸಲಾಗದ ಎಂಬತ್ತು ಮನೆಗಳ ಮುಂದೆ ನಾನು ದಿನಾ ಕಾಲ್ಬೆರಳು ನೋಡಿಕೊಂಡು ಹೋಗುತ್ತಿದ್ದೆ. ಹೂಂ ಎಂದೆ. ಈಗ ಕೇಳಿದರೂ ಹೂಂ ಎನ್ನುತ್ತೇನೇನೋ, ಅದು ನನಗೆ ಗೊತ್ತಿಲ್ಲ.

ನಾನು ಆರಿಸಿದ್ದು ಚಂದ್ರಕಲಾಳ ಮನೆಯನ್ನು. ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಜೂನ್ ಬಂತೆಂದರೆ ಅವಳ ಮೆಷಿನ್ನಿನ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಶಾಲೆಗಳೇ ಮುಚ್ಚಿದ ಮೇಲೆ ಯೂನಿಫಾರ್ಮ್ ಯಾರಿಗೆ? ಗಂಡ ಲಾರಿಯ ಜೊತೆ ಹೋದವನು ಯಾವುದೋ ರಾಜ್ಯದ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿ ಅವಳು, ಹನ್ನೊಂದು ವರ್ಷದ ಸಿಂಚನಾ, ನಾಲ್ಕು ವರ್ಷದ ಚಿರಂತ. ನಾನು ಆ ಮನೆಯನ್ನು ಆರಿಸಿದ್ದಕ್ಕೆ ಕಾರಣಗಳಿದ್ದವು. ಮನೆ ಚೊಕ್ಕಟ. ಬಾಗಿಲಿಗೆ ಒಳ್ಳೆಯ ಬೆಳಕು ಬೀಳುತ್ತಿತ್ತು. ಸಿಂಚನಾ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಹುಡುಗಿ. ಒಂದು ವಾಕ್ಯ ಹೇಳಿ ಮುಗಿಸಿದ ಕೂಡಲೇ ನನ್ನ ಮುಖ ನೋಡುತ್ತಿದ್ದಳು. ಅವಳನ್ನು ತೋರಿಸಿ ನಾಲ್ಕು ಜನರಿಂದ ಭೇಷ್ ಎನ್ನಿಸಿಕೊಳ್ಳುವ ಚಪಲ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಮುಂದಿನ ತಿಂಗಳ ಚೀಲ ಹಂಚುವ ಹಿಂದಿನ ದಿನ ಸಂಜೆ ಹೋಗಿ ಹೇಳಿದೆ. ಮೊದಲ ಚೀಲದ ಅಕ್ಕಿ ಆ ಹೊತ್ತಿಗೆ ಮುಗಿದಿತ್ತು. ಅವಳು ಬಾಗಿಲ ಹಿಂದೆ ಹೊಲಿಗೆ ಮೆಷಿನ್ನು ಅಡ್ಡ ಇಟ್ಟಿದ್ದಳು. ಆಗಲೇ ಬಾಗಿಲು ಅದನ್ನು ಒಂದು ಗೇಣು ಒಳಕ್ಕೆ ದೂಡಿತ್ತು.

"ಬಾಗ್ಲು ತೆಗೆದಿರೋದು ಕಾಣ್ಸುತ್ತಾ ಟೀಚರ್?"

"ಕಾಣಿಸ್ಲೇಬೇಕಮ್ಮ. ಅದನ್ನೇ ತಾನೆ ಅವರು ನೋಡೋದು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಮ್ಮತ್ತೆ ಇದ್ದಾಗ್ಲಿಂದ ಈ ಬಾಗ್ಲು ಹೀಗೆ ತೆಗೆದಿದ್ದು ಯಾರೂ ನೋಡಿಲ್ಲ ಟೀಚರ್. ಬೀದಿಯೋರಿಗೂ ತೋರ್ಸಿಲ್ಲ."

"ಅವರೇನು ನಮ್ಮ ಬೀದಿಯವರಾ? ಎಲ್ಲೋ ಇರೋರು. ನಿನ್ನೊಬ್ಬಳ ಮನೆ ತೋರಿಸಿದ್ರೆ ಇನ್ನೂ ಎಂಬತ್ತು ಮನೆಗೆ ಅಕ್ಕಿ ಬರುತ್ತೆ."

"ಎಂಬತ್ತಾ?" ಎಂದಳು. "ಎಂಬತ್ತು ಅಂತೀರಿ, ಆಯ್ತು ಬಿಡಿ. ಏನ್ ಮಾಡ್ಬೇಕು ಹೇಳಿ."

"ಬೆಳಿಗ್ಗೆ ನಾನೇ ಅಕ್ಕಿ ತರ್ತೀನಿ. ಒಂದು ಗಂಟೆ ತಡೆದುಕೋ, ಅವರ ಜೊತೆ ಮಾತಾಡೋವರೆಗೆ. ಆಮೇಲೆ ಒಲೆ ಹಚ್ಚು. ಅಷ್ಟೇ."

ಮರುದಿನ ಮೂವತ್ತೊಂಬತ್ತು ಮನೆಗೆ ಚೀಲ ಕೊಟ್ಟು ಹತ್ತೂವರೆಗೆ ಅವಳ ಮನೆಗೆ ಬಂದೆ. ಚೀಲವನ್ನು ಜಗಲಿಯ ಮೇಲೆ ಇಡಿಸಿದೆ. ಅವರು ನೋಡಿ ಮುಗಿಸುವವರೆಗೆ ಅದು ಹೊಸ್ತಿಲು ದಾಟುವಂತಿರಲಿಲ್ಲ. ಮೆಷಿನ್ನನ್ನು ಪಕ್ಕಕ್ಕೆ ಸರಿಸಲು ಹೇಳಿದೆ. ಸರಿಸಿದ್ದೇ ತಡ, ಬಾಗಿಲು ಪೂರ್ತಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು. ಇಳಿಬಿಟ್ಟಿದ್ದ ಸೀರೆಯನ್ನೂ ತೆಗೆಸಿದೆ. ಒಳಗಿನ ಒಲೆ, ಮಗುಚಿಟ್ಟ ಪಾತ್ರೆ, ಗೋಡೆಗೆ ತಗುಲಿಹಾಕಿದ ಹಳೆಯ ಯೂನಿಫಾರ್ಮು ಎಲ್ಲ ಬೀದಿಗೆ ಕಾಣಿಸಿತು. ಎದುರುಮನೆಯ ಹೆಂಗಸು ನೀರು ಹಿಡಿಯಲು ಬಂದವಳು ತಕ್ಷಣ ಬೆನ್ನು ತಿರುಗಿಸಿ ನಿಂತಳು. ಚಂದ್ರಕಲಾ ತಲೆ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ಸಿಂಚನಾ ಕೇಂದ್ರದಲ್ಲಿ ಕೊಟ್ಟ ಫ್ರಾಕು ಹಾಕಿಕೊಂಡಿದ್ದಳು. ಮೂವರೂ ಹಿಂದಿನ ದಿನ ಮಧ್ಯಾಹ್ನ ಗಂಜಿ ಕುಡಿದವರು.

ಹನ್ನೊಂದಕ್ಕೆ ಫೋನನ್ನು ಜಗಲಿಯ ಕಂಬಕ್ಕೆ ಒರಗಿಸಿ ಕುಳಿತೆ. ಯಾರೂ ಬರಲಿಲ್ಲ. ಹನ್ನೊಂದೂಕಾಲು, ಹನ್ನೊಂದೂವರೆ. ಸಿಗ್ನಲ್ ಇಲ್ಲವೇನೋ ಎಂದು ಬೀದಿಯಲ್ಲಿ ಫೋನು ಎತ್ತಿ ಹಿಡಿದು ಓಡಾಡಿದೆ. ಕೊನೆಗೆ ಫಿಲೋಮಿನಾ ಮೇಡಂಗೆ ಫೋನು ಹಚ್ಚಿದರೆ ಅವರು ಹಣೆ ಚಚ್ಚಿಕೊಂಡರು. ಪ್ರತಿಸಲ ಅವರೇ ನಮ್ಮ ವೇಳೆಗೆ ತಿರುಗಿಸಿ ತಿಳಿಸುತ್ತಿದ್ದರು. ಈ ಸಲ ಅಲ್ಲಿಂದ ಬಂದ ಕಾಗದವನ್ನೇ ಹಾಗೇ ನನಗೆ ಕಳಿಸಿದ್ದರು. ಹನ್ನೊಂದು ಎಂದರೆ ಆ ದೇಶದ ಹನ್ನೊಂದು. ನಮಗೆ ಮೂರೂವರೆ.

"ಅಲ್ಲಿವರೆಗೆ ಸ್ವಲ್ಪ ಸುಧಾರಿಸ್ಕೊಳ್ಳಿ ಭಾಮಾ. ಇನ್ನೊಂದು ದಿನಕ್ಕೆ ಹಾಕಿದ್ರೆ ಅಷ್ಟೂ ಜನ ಮತ್ತೆ ಸೇರೋದು ಕಷ್ಟ."

ಸುಧಾರಿಸಿಕೊಳ್ಳಬೇಕಾದ್ದು ನಾನಲ್ಲ. ನಾನು ಬೆಳಿಗ್ಗೆ ಮೂರು ಇಡ್ಲಿ ತಿಂದು ಬಂದವಳು. ಒಂದು ತುತ್ತು ಅನ್ನ ಅವರ ಹೊಟ್ಟೆಗೆ ಬಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ, ಹಾಕಿಕೊಂಡರೆ ಮೂರೂವರೆಯೊಳಗೆ ಮತ್ತೆ ತೆರೆಯುವುದಿಲ್ಲ. ಒಳಗೆ ಹೋಗಿ ಹೇಳಿದೆ. ಇನ್ನು ನಾಲ್ಕು ಗಂಟೆ ಎನ್ನಲು ಬಾಯಿ ಬರಲಿಲ್ಲ, "ಇನ್ನು ಸ್ವಲ್ಪ ಹೊತ್ತಮ್ಮ" ಎಂದೆ. ಚಂದ್ರಕಲಾ "ಸರಿ ಟೀಚರ್" ಎಂದಳು. ಹೇಳಿದವಳು ಟೀಚರು, ಏನಾದರೂ ಅರ್ಥವಿರುತ್ತದೆ ಎಂದುಕೊಂಡಿರಬೇಕು.

ಒಂದು ಗಂಟೆಗೆ ಚಿರಂತ ಅಳತೊಡಗಿದ. ಜಗಲಿಗೆ ಬಂದು ಚೀಲದ ಮೂಲೆಯನ್ನು ಹಿಡಿದು ಎಳೆದ. ಒಳಗೆ ಅಕ್ಕಿಯಿದೆ ಎಂದು ಅವನಿಗೂ ಗೊತ್ತು. ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ. ನನ್ನ ಬ್ಯಾಗಿನಲ್ಲಿ ಒಂದು ಬಿಸ್ಕೆಟ್ ಪೊಟ್ಟಣವಿತ್ತು. ಅದನ್ನು ಹೊರಗೆ ತೆಗೆಯುವ ಮೊದಲು ನಾನು ಲೆಕ್ಕ ಹಾಕಿದೆ. ಇದನ್ನು ಹೇಳುವಾಗ ಈಗಲೂ ಮೈ ಹಿಡಿಯಾಗುತ್ತದೆ. ಮೂವರಲ್ಲಿ ಒಬ್ಬರು ತಿಂದರೆ ಬಾಗಿಲಿಗೇನೂ ಆಗುವುದಿಲ್ಲ, ಇನ್ನಿಬ್ಬರು ಹಸಿದಿರುತ್ತಾರಲ್ಲ ಎಂದು ಲೆಕ್ಕ ಹಾಕಿ ಮಗುವಿಗೆ ಪೊಟ್ಟಣ ಕೊಟ್ಟೆ. ಮಗು ಒಂದು ಬಿಸ್ಕೆಟ್ ಬಾಯಿಗೆ ತುರುಕಿಕೊಂಡು, ಇನ್ನೊಂದನ್ನು ಅಕ್ಕನ ಕಡೆ ಚಾಚಿತು. ಸಿಂಚನಾ ಕೈ ನೀಡಿದಳು.

"ನೀನು ಆಮೇಲೆ ತಿನ್ನುವೆಯಂತೆ ಪುಟ್ಟಾ" ಎಂದೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ತಾಯಿಯೊಬ್ಬಳು ಹಸಿದಿದ್ದರೂ ಬಾಗಿಲು ತೆರೆದೇ ಇರುತ್ತಿತ್ತು, ನಮ್ಮೂರಿನವಳಾದ ನನಗೆ ಅಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಚಂದ್ರಕಲಾ ಒಳಗೆ ಹೋಗಿ ಬೆಲ್ಲದ ಚೂರೋ ಏನೋ ಬಾಯಿಗೆ ಹಾಕಿಕೊಂಡುಬಿಟ್ಟರೆ? ಇಬ್ಬರಿದ್ದರೆ ಭದ್ರ ಎನ್ನಿಸಿತು. ಮಕ್ಕಳಿಗೆ ಹನ್ನೊಂದು ವರ್ಷ ಹಾಲು ಬಗ್ಗಿಸಿ ಕೊಟ್ಟವಳು ನಾನು, ಇಬ್ಬರಿದ್ದರೆ ಭದ್ರ ಎಂದು ಯೋಚಿಸಿದೆ.

ಚಂದ್ರಕಲಾ ಮೆಷಿನ್ನಿಗೆ ಒರಗಿ ಕುಳಿತು ಹಳೆಯ ಅಂಗಿಯೊಂದಕ್ಕೆ ಗುಂಡಿ ಹಾಕಿದಳು, ಹಾಕಿದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದಳು. ಸಿಂಚನಾ ಎರಡು ಸಲ ಎದ್ದು ನೀರು ಕುಡಿದಳು. ಎರಡನೆಯ ಸಲ ಎದ್ದಾಗ ಗೋಡೆ ಹಿಡಿದುಕೊಂಡು ನಡೆದಳು. ನಾನು ಫೋನಿನಲ್ಲಿ ಏನೋ ನೋಡುತ್ತಿರುವವಳ ಹಾಗೆ ಕುಳಿತಿದ್ದೆ. ಎದುರುಮನೆಯ ಹೆಂಗಸು ಆ ಮಧ್ಯಾಹ್ನವೆಲ್ಲ ಹೊರಗೇ ಬರಲಿಲ್ಲ.

ಮೂರೂವರೆಗೆ ಸರಿಯಾಗಿ ಪರದೆ ಬೆಳಗಿತು. ಹನ್ನೆರಡು ಚೌಕ, ಹನ್ನೆರಡು ಮುಖ, ಎಲ್ಲರ ಕೈಯಲ್ಲೂ ಬಿಸಿ ಕಾಫಿಯೋ ಚಹವೋ. ನಡುವಿನ ಚೌಕದಲ್ಲಿ ಆಗ್ನೆಸ್ ಎಂಬ ಮುದುಕಿ. ಮೆಟ್ಟಿಲ ಮೇಲೆ ಕೇಕು ಇಟ್ಟು ಮಾರಿದವರಲ್ಲಿ ಅವರೂ ಒಬ್ಬರು. ಹದಿನೈದು ದಿನದ ಹಿಂದೆ ಅವರ ತಂಗಿ ಇದೇ ರೋಗದಲ್ಲಿ ತೀರಿಕೊಂಡಿದ್ದರು. ಅದನ್ನು ಹೇಳಿ, "ನಾವೂ ಮನೆಯೊಳಗೇ ಇದ್ದೇವೆ, ಆದರೆ ನಮಗೆ ಊಟವಿದೆ" ಎಂದು ಅತ್ತರು. ನಾನು ಅವರ ಇಂಗ್ಲಿಷನ್ನು ಚಂದ್ರಕಲಾಳಿಗೆ ಕನ್ನಡದಲ್ಲಿ ಹೇಳಿದೆ. ಅವಳು "ಅಯ್ಯೋ ಪಾಪ, ತಂಗೀನಾ?" ಎಂದು ಕೈ ಮುಗಿದಳು.

ಫೋನನ್ನು ತಿರುಗಿಸಿ ಬಾಗಿಲು ತೋರಿಸಿದೆ. ಒಬ್ಬರು ಇನ್ನೊಮ್ಮೆ ತೋರಿಸುವಿರಾ ಎಂದರು, ಇನ್ನೊಮ್ಮೆ ತೋರಿಸಿದೆ. ಬಾಗಿಲನ್ನು ತಳ್ಳಿ ನೋಡಬಹುದೇ ಎಂದರು. ಚಂದ್ರಕಲಾ ಬಂದು ತಳ್ಳಿದಳು. ಅದು ಅರ್ಧ ದೂರ ಹೋಗಿ, ಹಿಂದಕ್ಕೆ ಬಂದು ಗೋಡೆಗೆ ಒರಗಿತು. ಹನ್ನೆರಡು ಜನರೂ ಉಸಿರೆಳೆದುಕೊಂಡದ್ದು ಫೋನಿನಲ್ಲೇ ಕೇಳಿಸಿತು. ನಾನು ಮೊದಲೇ "ನಗುಮುಖ ಇಟ್ಟುಕೋ" ಎಂದು ಹೇಳಿಕೊಟ್ಟಿದ್ದರಿಂದ ಅವಳು ಬಾಗಿಲು ತಳ್ಳುವಾಗಲೂ ನಗುತ್ತಿದ್ದಳು.

ಆಗ್ನೆಸ್ ಕಣ್ಣೊರೆಸಿಕೊಂಡು, ಆ ತಾಯಿಗೆ ನಮ್ಮ ಹತ್ತಿರ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಚಂದ್ರಕಲಾಳಿಗೆ ಹೇಳಿದೆ. ಅವಳು ಫೋನಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಅದೇ ನಗುಮುಖದಲ್ಲಿ ಕೇಳಿದಳು.

"ಮುಗೀತಾ ಟೀಚರ್? ಈಗ ಅಕ್ಕಿ ಒಳಗೆ ತಗೊಂಡು ಒಲೆ ಹಚ್ಚಬೋದಾ? ಇವ್ಳಿಗೆ ಆವಾಗ್ಲಿಂದ ತಲೆ ಸುತ್ತುತಾ ಇದೆ."

ಹನ್ನೆರಡು ಮುಖಗಳು ನನ್ನ ಬಾಯಿ ನೋಡುತ್ತಿದ್ದವು. ಆ ಮಾತನ್ನು ಇದ್ದ ಹಾಗೆ ಹೇಳಿದ್ದರೆ ಏನಾಗುತ್ತಿತ್ತು? ಅಕ್ಕಿ ಬೆಳಿಗ್ಗೆಯಿಂದ ಇಲ್ಲೇ ಇತ್ತು, ನಿಮಗೆ ತೋರಿಸಲೆಂದು ಈ ಮಕ್ಕಳನ್ನು ಐದು ಗಂಟೆ ಹಸಿವಿನಲ್ಲಿ ಕೂಡಿಸಿದ್ದೆ ಎಂದು ತಿಳಿಯುತ್ತಿತ್ತು. ಎಂಬತ್ತು ಮನೆ ಕೈಬಿಟ್ಟುಹೋಗುತ್ತಿದ್ದವೇನೋ. ಇಲ್ಲ, ಈಗ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಎಂಬತ್ತು ಮನೆ ನೆನಪಿಗೆ ಬರಲಿಲ್ಲ. ಅವರೆದುರು ನನ್ನ ಮುಖ ಏನಾದೀತು ಎಂಬುದೊಂದೇ ಬಂತು.

"ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ ಎನ್ನುತ್ತಿದ್ದಾಳೆ" ಎಂದೆ, ಒಳ್ಳೆಯ ಇಂಗ್ಲಿಷಿನಲ್ಲಿ. "ನಿಮ್ಮ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ ಎಂದು ಹರಸುತ್ತಿದ್ದಾಳೆ."

ಆಗ್ನೆಸ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಸಿಂಚನಾಳನ್ನು ನೋಡಿದರು. "ಇಂಗ್ಲಿಷ್ ಮಾತಾಡುವ ಹುಡುಗಿ ನೀನೇ ಅಲ್ಲವೇ? ಭಾಮಾ ನಿನ್ನ ವಿಷಯ ಬರೆಯುತ್ತಿರುತ್ತಾರೆ. ನಿನ್ನ ಬಾಯಲ್ಲೂ ಒಂದು ಸಲ ಕೇಳಬೇಕು ಕಂದಾ. ಅಮ್ಮ ಈಗ ಏನು ಹೇಳಿದರು, ನೀನೇ ಹೇಳುತ್ತೀಯಾ?"

ಅವರು ಪ್ರೀತಿಯಿಂದಲೇ ಕೇಳಿದ್ದು. ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಸಿಂಚನಾಳಿಗೆ ಎರಡು ಭಾಷೆಯೂ ಬರುತ್ತಿತ್ತು. ಅಮ್ಮ ಹೇಳಿದ್ದೂ ಕೇಳಿಸಿತ್ತು, ನಾನು ಹೇಳಿದ್ದೂ ತಿಳಿದಿತ್ತು. ಅವಳು ಅಮ್ಮನ ಮುಖ ನೋಡಿದಳು. ಚಂದ್ರಕಲಾ ಏನೂ ಅರ್ಥವಾಗದೆ ಇನ್ನೂ ನಗುತ್ತಿದ್ದಳು. ಸಿಂಚನಾ ಜಗಲಿಯ ಮೇಲಿನ ಚೀಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೇಳಲಿ, ಇದ್ದದ್ದನ್ನೇ ಹೇಳಿಬಿಡಲಿ ಎಂದು ನನಗೆ ಒಂದು ಗಳಿಗೆ ಅನ್ನಿಸಿತ್ತು ಎಂದರೆ ನೀವು ನಂಬಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಮುಖದ ಮೇಲೆ ಇದ್ದದ್ದು ಬೇರೆಯೇ ಇರಬೇಕು. ಹುಡುಗಿ ಅದನ್ನು ಓದಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ತರಗತಿಯಲ್ಲಿ ನಿಲ್ಲುವ ಹಾಗೆ ನಿಂತು, ಒಂದು ಅಕ್ಷರವೂ ತಪ್ಪದ ಇಂಗ್ಲಿಷಿನಲ್ಲಿ ಹೇಳಿದಳು.

"ನಮ್ಮಮ್ಮ ನಿಮಗೆ ತುಂಬಾ ಧನ್ಯವಾದ ಹೇಳುತ್ತಿದ್ದಾರೆ ಮೇಡಂ. ನಾವೆಲ್ಲ ಸಂತೋಷವಾಗಿದ್ದೇವೆ."

ಎರಡನೆಯ ವಾಕ್ಯವನ್ನು ಅವಳೇ ಸೇರಿಸಿದ್ದು. ಅಷ್ಟನ್ನು ನಾನೂ ಹೇಳಿರಲಿಲ್ಲ.

ಹನ್ನೆರಡು ಚೌಕಗಳಲ್ಲೂ ಚಪ್ಪಾಳೆ ಬಿತ್ತು. ಮುಂದಿನ ತಿಂಗಳಿನಿಂದ ನೂರಿಪ್ಪತ್ತು ಮನೆಗೆ ಚೀಲ ಬಂತು, ಹೇಳಿದ ಹಾಗೆ ಎಂಟು ತಿಂಗಳು ಬಂತು. ಎಷ್ಟು ಮಕ್ಕಳು ಬದುಕಿದರೋ, ಅದೂ ಸುಳ್ಳಲ್ಲ. ಆ ವರ್ಷದ ಪುಸ್ತಕದಲ್ಲಿ ನನ್ನ ಫೋಟೋ ಹಾಕಿದ್ದರು. ಊರಿನಲ್ಲಿ ಈಗಲೂ ಆ ಕಾಲದ ಮಾತು ಬಂದರೆ "ಭಾಮಾ ಟೀಚರ್ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ" ಎನ್ನುತ್ತಾರೆ, ಚಂದ್ರಕಲಾಳೂ ಎನ್ನುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಆ ದಿನ ಫೋನು ಆರಿದ ಕೂಡಲೇ ಚಂದ್ರಕಲಾ ಚೀಲವನ್ನು ಒಬ್ಬಳೇ ಎಳೆದುಕೊಂಡು ಒಳಗೆ ಹೋದಳು. ಅಕ್ಕಿ ತೊಳೆಯುವ ಸದ್ದು ಕೇಳಿಸಿತು. ನಾನು ಜಗಲಿಯ ಅಂಚಿನಲ್ಲಿ ಫೋನು, ಬ್ಯಾಗು ಎತ್ತಿಕೊಳ್ಳುತ್ತಿದ್ದೆ. ಸಿಂಚನಾ ಒಳಗೆ ಹೋಗದೆ ಕಂಬ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡಕ್ಕೂ ನಾನು ಸಿದ್ಧಳಾಗಿದ್ದೆ.

"ಸರಿಯಾಗಿ ಹೇಳಿದ್ನಾ ಟೀಚರ್?" ಎಂದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪಾಠ ಒಪ್ಪಿಸಿ ನನ್ನ ಮುಖ ನೋಡುವಾಗ ಹೇಗೆ ನೋಡುತ್ತಿದ್ದಳೋ ಹಾಗೆಯೇ ನೋಡುತ್ತಿದ್ದಳು. ತುಟಿ ಒಣಗಿ ಬಿರಿದಿತ್ತು.

"ಸರಿಯಾಗಿ ಹೇಳಿದೆ ಪುಟ್ಟಾ" ಎಂದೆ.